ನಿಮಗಿದು ಗೊತ್ತೆ? ಅಂದು ನಿಷೇಧ, ಇಂದು ಒಡೆತನ

2001ರಲ್ಲಿ ಪೋಕೆಮಾನ್ ಆಟ, ಕಾರ್ಡುಗಳು ಜೂಜಿನಂತಿವೆ ಎಂದು ನಿಷೇಧಿಸಿದ್ದು ಸೌದಿ ಅರೇಬಿಯಾ. ಇಂದು ಮೊಬೈಲ್ ಹಿಡಿದು ಬೀದಿ ಸುತ್ತುತ್ತ ಆಡುವ ‘ಪೋಕೆಮಾನ್ ಗೋ’ ಅದೇ ದೇಶದ ಸರ್ಕಾರಿ ಹೂಡಿಕೆ ನಿಧಿಯ ಕೈಯಲ್ಲಿದೆ! ನಿಧಿಯ ಒಡೆತನದ ಸ್ಕೋಪ್ಲಿ ಕಂಪನಿ 2025ರಲ್ಲಿ ಈ ಆಟ ರೂಪಿಸಿದ ನಯಾಂಟಿಕ್‌ನ ಗೇಮ್ ವಿಭಾಗವನ್ನು 350 ಕೋಟಿ ಡಾಲರ್‌ಗೆ ಕೊಂಡಿತು. ಆಟಗಾರ ಯಾವ ಬೀದಿಯ ಯಾವ ತಿರುವಿನಲ್ಲಿದ್ದಾನೆ ಎಂದು ತಿಳಿಯದೆ ಈ ಆಟ ನಡೆಯುವುದೇ ಇಲ್ಲ. ಬಳಕೆದಾರರ ಮಾಹಿತಿ ಚೀನಾ ಪಾಲಾಗುತ್ತದೆಂದು ಟಿಕ್‌ಟಾಕ್ ವಿರುದ್ಧ 2024ರಲ್ಲಿ ಕಾನೂನನ್ನೇ ತಂದ ಅಮೆರಿಕ, ಈ ಮಾರಾಟಕ್ಕೆ ಅಡ್ಡ ಬರಲಿಲ್ಲ. ಇದು ಇಬ್ಬಗೆ ನೀತಿಯೇ ಸರಿ. 2025ರ ಸೆಪ್ಟೆಂಬರಿನಲ್ಲಿ ಇಎ ಎಂಬ ವಿಡಿಯೊ ಗೇಮ್ ಕಂಪನಿಯನ್ನು 5,500 ಕೋಟಿ ಡಾಲರ್‌ಗೆ ಕೊಳ್ಳುವ ಒಪ್ಪಂದವನ್ನೂ ಸೌದಿ ನಿಧಿ ಪ್ರಕಟಿಸಿತು. ಈ ಒಪ್ಪಂದದ ಪಾಲುದಾರರಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಅಳಿಯ ಜೇರೆಡ್ ಕುಶ್ನರ್ ಅವರ ಹೂಡಿಕೆ ಸಂಸ್ಥೆಯೂ ಇದೆ.