ಪಾಠದಿಂದ ಪ್ರಾರ್ಥನೆ: ಕ್ರೈಸ್ತರ ‘ಕಾಲೆಕ್ಟ್’ಗಳ ರಚನಾಕ್ರಮ

ಕ್ರೈಸ್ತ ಸಭೆಗಳ ಆರಾಧನೆಯಲ್ಲಿ ಸತ್ಯವೇದದ ಗೊತ್ತಾದ ಭಾಗಗಳನ್ನು ಗೊತ್ತಾದ ದಿನಗಳಲ್ಲಿ ಓದುವ ಪದ್ಧತಿಯುಂಟು. ಹಾಗೆ ಓದಿದ ಪಾಠವನ್ನು ಆಧರಿಸಿ ಹುಟ್ಟಿದ ಕಿರುಪ್ರಾರ್ಥನೆಗಳನ್ನು ಒಂದು ಪ್ರತ್ಯೇಕ ಗದ್ಯಪ್ರಕಾರವೆಂದೇ ಎಣಿಸಬಹುದು. ಲ್ಯಾಟಿನಿನಲ್ಲಿ ‘ಕೊಲ್ಲೆಕ್ತಾ’ ಎಂದೂ ಇಂಗ್ಲಿಷಿನಲ್ಲಿ ‘ಕಾಲೆಕ್ಟ್’ ಎಂದೂ ಹೆಸರಾದ ಪ್ರಾರ್ಥನೆಯ ಚರಿತ್ರೆಯಲ್ಲಿ ಇದಕ್ಕೆ ಉತ್ತಮ ನಿದರ್ಶನಗಳು ದೊರೆಯುತ್ತವೆ. ಓದಿದ ಮಾತು ಬೇಡಿಕೆಯಾಗಿ ಮಾರ್ಪಡುವ ಬಗೆ ಯಾವುದು, ಆ ಮಾರ್ಪಾಟಿನಲ್ಲಿ ಗುಣವಾವುದು, ದೋಷವಾವುದು ಎಂಬುದೇ ಇಲ್ಲಿ ವಿಚಾರ್ಯವಿಷಯ.

೧

ಪೂರ್ಣವಾದ ಕಾಲೆಕ್ಟಿಗೆ ಐದು ಅಂಗಗಳು: ಸಂಬೋಧನೆ, ದೇವರ ಗುಣವನ್ನಾಗಲಿ ಕಾರ್ಯವನ್ನಾಗಲಿ ಹೇಳುವ ವಿಶೇಷಣ, ಬೇಡಿಕೆ, ಆ ಬೇಡಿಕೆಯ ಪ್ರಯೋಜನ, ಕ್ರಿಸ್ತನ ಮೂಲಕವೆಂಬ ಮುಕ್ತಾಯ. ಇವೈದೂ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಅಡಗಿರುವುವು. ಪ್ರಾಚೀನ ಲ್ಯಾಟಿನ್ ಕಾಲೆಕ್ಟುಗಳಲ್ಲಿ ಅನೇಕವು ಆ ದಿನದ ಪಾಠವನ್ನು ನೇರಾಗಿ ಆಶ್ರಯಿಸಿದವಲ್ಲ. ಪಾಠಕ್ಕೂ ಪ್ರಾರ್ಥನೆಗೂ ಬುದ್ಧಿಪೂರ್ವಕವಾಗಿ ನಂಟು ಕಲ್ಪಿಸಿದ ಪ್ರಯತ್ನವು ಇಂಗ್ಲೆಂಡಿನಲ್ಲಿ ೧೫೪೯ರಲ್ಲಿ ಬಳಕೆಗೆ ಬಂದ ‘ಬುಕ್ ಆಫ್ ಕಾಮನ್ ಪ್ರೇಯರ್’ ಎಂಬ ಗ್ರಂಥದಲ್ಲಿ ಸ್ಪಷ್ಟವಾಗಿ ತೋರುತ್ತದೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರನ ನೇತೃತ್ವದಲ್ಲಿ ಸಿದ್ಧವಾದ ಈ ಗ್ರಂಥವು ಹಳೆಯ ಒಡಂಬಡಿಕೆಯ ಬಹುಭಾಗವನ್ನು ವರ್ಷಕ್ಕೊಮ್ಮೆಯೂ, ಹೊಸ ಒಡಂಬಡಿಕೆಯನ್ನು, ಪ್ರಕಟನೆಯ ಗ್ರಂಥವೊಂದನ್ನು ಬಿಟ್ಟು, ವರ್ಷಕ್ಕೆ ಮೂರಾವೃತ್ತಿಯೂ, ಕೀರ್ತನೆಗಳನ್ನು ತಿಂಗಳಿಗೊಮ್ಮೆಯೂ ಓದಿ ಮುಗಿಸುವಂತೆ ದಿನದಿನದ ಪಾಠಗಳನ್ನು ವಿಭಾಗಿಸಿತು. ಇದರ ಕಾಲೆಕ್ಟುಗಳಲ್ಲಿ ಹೆಚ್ಚಿನವು ಲ್ಯಾಟಿನಿನಿಂದ ಬಂದ ಅನುವಾದಗಳು; ಕೆಲವು ಮಾತ್ರ ಹೊಸದಾಗಿ ರಚಿತವಾದವು. ಪ್ರಕೃತಕ್ಕೆ ಬೇಕಾದವು ಈ ಹೊಸವೇ.

೨

ಆಗಮನಕಾಲದ ಎರಡನೆಯ ಭಾನುವಾರದ ಕಾಲೆಕ್ಟನ್ನು ನೋಡಬಹುದು. ಅಂದಿನ ಪಾಠವು ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯ ೧೫ನೆಯ ಅಧ್ಯಾಯದಲ್ಲಿ ೪ನೆಯ ವಚನದಿಂದ ಮೊದಲಾಗುವುದು. ಪೂರ್ವದ ಬರಹಗಳೆಲ್ಲವೂ ಬೋಧನೆಗಾಗಿಯೇ ಬರೆಯಲ್ಪಟ್ಟವು. ಅವುಗಳಿಂದ ದೊರೆವ ತಾಳ್ಮೆ, ಸಮಾಧಾನಗಳ ಮೂಲಕ ನಿರೀಕ್ಷೆ ಉಂಟಾಗಬೇಕು ಎಂಬುದು ಆ ವಚನದ ತಾತ್ಪರ್ಯ. ಪೌಲನ ವಾಕ್ಯ ಕರ್ಮಣಿಪ್ರಯೋಗದಲ್ಲಿದೆ. ಬರೆಯಿಸಿದವನಾರೆಂದು ಅದು ಹೇಳುವುದಿಲ್ಲ. ಕಾಲೆಕ್ಟಾದರೋ ಅದನ್ನು ಪ್ರೇರಣಾರ್ಥಕ್ಕೆ ತಿರುಗಿಸಿ, ಬರೆಯಿಸಿದವನನ್ನೇ ಎದುರಿಗೆ ನಿಲ್ಲಿಸಿ ಕರೆಯುತ್ತದೆ. ಹೀಗೆ ಪಾಠದ ಪ್ರಥಮಪುರುಷ ಪ್ರಾರ್ಥನೆಯಲ್ಲಿ ಮಧ್ಯಮಪುರುಷವಾಯಿತು. ತಾಳ್ಮೆ, ಸಮಾಧಾನ, ನಿರೀಕ್ಷೆ ಎಂಬ ಮೂರೂ ಪ್ರಯೋಜನಭಾಗದಲ್ಲಿ ಮರಳಿ ಬಂದಿವೆ. ನಡುವಿನ ಬೇಡಿಕೆ ಮಾತ್ರ ಪತ್ರಿಕೆಯಲ್ಲಿಲ್ಲ: ಗ್ರಂಥವನ್ನು ಕೇಳಿ, ಓದಿ, ಗುರುತಿಸಿ, ಕಲಿತು, ಒಳಗೆ ಅರಗಿಸಿಕೊಳ್ಳುವ ಶಕ್ತಿಯನ್ನು ಕೊಡೆಂಬುದು ಪ್ರಾರ್ಥನಾಕಾರನ ಸ್ವಂತ ಕಾಣಿಕೆ. ಪಾಠವು ಆಧಾರವನ್ನೂ ಗುರಿಯನ್ನೂ ಕೊಟ್ಟಿತು. ಅವೆರಡರ ನಡುವೆ ಮನುಷ್ಯನ ಕೊರತೆ ಯಾವುದೆಂದು ಕಂಡುಕೊಳ್ಳುವ ಭಾರ ರಚಿಸುವವನ ಮೇಲೆ ಬಿದ್ದಿತು.

ಆಗಮನಕಾಲದ ಮೂರನೆಯ ಭಾನುವಾರದ ಕಾಲೆಕ್ಟು ೧೬೬೨ರ ಪರಿಷ್ಕರಣದಲ್ಲಿ ಸೇರಿದುದು. ಬಿಷಪ್ ಜಾನ್ ಕಾಸಿನ್ ಅದರ ಕರ್ತೃವೆಂದು ಪ್ರತೀತಿ. ಅಂದು ಎರಡು ಪಾಠಗಳು. ಮತ್ತಾಯನ ಸುವಾರ್ತೆಯ ಭಾಗವು, ದಾರಿಯನ್ನು ಸಿದ್ಧಮಾಡಲು ಮುಂದಾಗಿ ಬಂದ ದೂತನೆಂದು ಸ್ನಾನಿಕನಾದ ಯೋಹಾನನನ್ನು ಹೇಳುತ್ತದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಭಾಗವು, ಸಭೆಯ ಸೇವಕರು ದೇವರಹಸ್ಯಗಳ ಪಾರುಪತ್ಯಗಾರರೆಂದು ಹೇಳುತ್ತದೆ. ಕಾಲೆಕ್ಟಿನ ವಿಶೇಷಣವು ಸುವಾರ್ತೆಯಿಂದಲೂ, ಬೇಡಿಕೆಯು ಪತ್ರಿಕೆಯಿಂದಲೂ ಬಂದಿವೆ. ಹಿಂದೆ ದೂತನನ್ನು ಕಳುಹಿಸಿದವನೇ ಇಂದಿನ ಸೇವಕರಿಂದಲೂ ಅದೇ ಕೆಲಸವನ್ನು ಮಾಡಿಸಲೆಂಬ ಒಂದು ಉಪಮಾನಸೂತ್ರವು ಎರಡನ್ನೂ ಹೊಲಿದಿದೆ.

೩

ಸಂಸ್ಕೃತಾಲಂಕಾರಶಾಸ್ತ್ರವನ್ನು ಬಲ್ಲವರಿಗೆ ಈ ರಚನೆಯ ಮರ್ಮ ಅಪರಿಚಿತವಲ್ಲ. ವಿಶೇಷಣವು ಸಾಭಿಪ್ರಾಯವಾಗಿದ್ದರೆ ಅದು ಪರಿಕರಾಲಂಕಾರವೆನಿಸುವುದು. ಮೊಸಳೆಯ ಹಿಡಿತದಿಂದ ಗಜೇಂದ್ರನನ್ನು ಬಿಡಿಸಿದವನೇ ಎಂದು ಕರೆದು, ಸಂಕಟದಿಂದ ಬಿಡಿಸೆಂದು ಬೇಡಿದರೆ ಆ ಸಂಬೋಧನೆಯೇ ಬೇಡಿಕೆಗೆ ಹೇತುವಾಗುತ್ತದೆ. ಹಾಗೆ ಕರೆದು ವಿದ್ಯೆಯನ್ನು ಬೇಡಿದರೆ ವಿಶೇಷಣ ಬರಿಯ ಒಡವೆಯಾಗಿ ಉಳಿಯುತ್ತದೆ. ಕಾಲೆಕ್ಟಿನ ಗುಣದೋಷಗಳಿಗೂ ಇದೇ ಒರೆಗಲ್ಲು. ಪಾಠದಲ್ಲಿ ಹತ್ತು ಸಂಗತಿಗಳಿದ್ದರೂ, ಬೇಡಿಕೆಗೆ ಹೇತುವಾಗಬಲ್ಲ ಒಂದನ್ನೇ ಆರಿಸತಕ್ಕದ್ದು. ಹತ್ತನ್ನೂ ತುಂಬಿದರೆ, ದೇವರಿಗೆ ಆತನ ಚರಿತ್ರೆಯನ್ನೇ ಓದಿ ಒಪ್ಪಿಸಿದಂತಾಗುವುದು. ಪ್ರಾರ್ಥನೆಯ ವೇಷದಲ್ಲಿ ಸಭಿಕರಿಗೆ ಉಪನ್ಯಾಸ ಮಾಡಿದಂತಾಗುವುದು.

ಹನ್ನೆರಡನೆಯ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೆಯ ಗೀಗೋ ಎಂಬವನು ಪಠನ, ಮನನ, ಪ್ರಾರ್ಥನೆ, ಧ್ಯಾನ ಎಂದು ನಾಲ್ಕು ಮೆಟ್ಟಿಲುಗಳನ್ನು ಹೇಳಿದನು. ಪಠನದಿಂದ ಪ್ರಾರ್ಥನೆಗೆ ನೇರಾಗಿ ಹಾರುವಂತಿಲ್ಲ, ನಡುವೆ ಮನನವಿದೆ. ಶ್ರವಣಾನಂತರ ಮನನವೆಂಬ ವೇದಾಂತಿಗಳ ಕ್ರಮವನ್ನು ಇದು ನೆನಪಿಗೆ ತರುತ್ತದೆ. ಮನನವನ್ನು ಬಿಟ್ಟ ಪ್ರಾರ್ಥನೆಯು ಪಾಠದ ಭಾವಾನುವಾದವಾದೀತೇ ಹೊರತು ಬೇಡಿಕೆಯಾಗದು.

೪

ಈ ಪ್ರಶ್ನೆ ಇಪ್ಪತ್ತನೆಯ ಶತಮಾನದಲ್ಲಿ ಹೊಸ ರೂಪವನ್ನು ತಾಳಿತು. ರೋಮನ್ ಕಥೋಲಿಕ ಸಭೆಯು ೧೯೬೯ರಲ್ಲಿ ಭಾನುವಾರಗಳಿಗೆ ಮೂರು ವರ್ಷಗಳ ಪಾಠಚಕ್ರವನ್ನು ಏರ್ಪಡಿಸಿತು. ಕಾಲೆಕ್ಟುಗಳಾದರೋ ಒಂದೇ ವರ್ಷದ ಆವೃತ್ತಿಯಲ್ಲಿ ಉಳಿದುವು. ಇದರಿಂದ ಪಾಠಕ್ಕೂ ಪ್ರಾರ್ಥನೆಗೂ ನಂಟು ಸಡಿಲವಾಯಿತು. ೧೯೮೩ರ ಇಟಾಲಿಯನ್ ಆರಾಧನಾಗ್ರಂಥವು ಮೂರು ವರ್ಷಗಳಿಗೂ ಬೇರೆಬೇರೆ ಕಾಲೆಕ್ಟುಗಳನ್ನು ಸೇರಿಸಿತು. ೧೯೯೮ರಲ್ಲಿ ಸಿದ್ಧವಾದ ಇಂಗ್ಲಿಷ್ ಗ್ರಂಥದಲ್ಲಿಯೂ ಇಂಥ ಪ್ರಾರ್ಥನೆಗಳಿದ್ದುವು. ಆದರೆ ೨೦೦೨ರಲ್ಲಿ ರೋಮ್ ಆ ಗ್ರಂಥಕ್ಕೆ ಸಮ್ಮತಿ ನೀಡಲಿಲ್ಲ. ಅದೇ ೨೦೦೨ರಲ್ಲಿ, ೧೯೯೨ರ ‘ರಿವೈಸ್ಡ್ ಕಾಮನ್ ಲೆಕ್ಷನರಿ’ ಎಂಬ ಪಾಠಕ್ರಮವನ್ನು ಅನುಸರಿಸುವ ಪ್ರಾರ್ಥನಾಸಂಗ್ರಹವೊಂದು ಪ್ರಕಟವಾಯಿತು; ೨೦೦೫ರಲ್ಲಿ ಅದೇ ಕ್ರಮಕ್ಕೆ ದಿನದಿನದ ಪಾಠಗಳೂ ಬಂದುವು. ಅವುಗಳಲ್ಲಿ ಗುರುವಾರದಿಂದ ಶನಿವಾರದವರೆಗಿನವು ಭಾನುವಾರದ ಪಾಠಕ್ಕೆ ಪೀಠಿಕೆ. ಸೋಮವಾರದಿಂದ ಬುಧವಾರದವರೆಗಿನವು ಅದರ ಅನುಸಂಧಾನ.

೫

೧೯೪೭ರ ಸೆಪ್ಟೆಂಬರ್ ೨೭ರಂದು ಸ್ಥಾಪಿತವಾದ ದಕ್ಷಿಣ ಭಾರತ ಸಭೆಯಲ್ಲಿ ಕಾಲೆಕ್ಟಿನ ಸಂಪ್ರದಾಯದವರೂ ಆಶುಪ್ರಾರ್ಥನೆಯ ಸಂಪ್ರದಾಯದವರೂ ಒಂದಾದರು. ಕನ್ನಡದ ಸಭೆಗಳೂ ಅದರಲ್ಲಿ ಸೇರಿವೆ. ಕನ್ನಡದಲ್ಲಿ ಇಂಥ ಪ್ರಾರ್ಥನೆಯನ್ನು ರಚಿಸುವವರಿಗೆ ಒಂದು ವ್ಯಾಕರಣದ ತೊಡಕುಂಟು. ಇಂಗ್ಲಿಷಿನಲ್ಲಿ ಸಂಬೋಧನೆ ಮೊದಲು, ವಿಶೇಷಣವಾಕ್ಯ ಅನಂತರ. ಕನ್ನಡದಲ್ಲಿ ಕೃದಂತವಿಶೇಷಣವು ವಿಶೇಷ್ಯಕ್ಕೆ ಮುಂಚೆಯೇ ಬರಬೇಕು. ಅದು ಉದ್ದವಾದರೆ, ಕರೆಯುವುದು ಯಾರನ್ನೆಂದು ತಿಳಿಯುವ ಮೊದಲೇ ಕೇಳುವವರಿಗೆ ಉಸಿರು ಕಟ್ಟುವುದು. ಲೂಕನ ಸುವಾರ್ತೆಯ ೨೪ನೆಯ ಅಧ್ಯಾಯದ ಎಮ್ಮಾಹುವಿನ ಪ್ರಸಂಗವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. “ದುಃಖದಿಂದ ನಡೆಯುತ್ತಿದ್ದ ಇಬ್ಬರು ಶಿಷ್ಯರ ಜತೆಗೂಡಿ ಗ್ರಂಥಾರ್ಥವನ್ನು ವಿವರಿಸಿ ಸಂಜೆ ಅವರೊಡನೆ ತಂಗಿ ರೊಟ್ಟಿಯನ್ನು ಮುರಿಯುವಾಗ ಗುರುತು ಸಿಕ್ಕಿದ ಕರ್ತನೇ” ಎಂದರೆ ಕಥೆ ಮುಗಿಯಿತು, ಪ್ರಾರ್ಥನೆ ತೊಡಗಲಿಲ್ಲ. “ಕರ್ತನೇ, ಗುರುತರಿಯದವರ ಜತೆಯಲ್ಲಿಯೂ ನೀನು ನಡೆದೆ, ನಿನ್ನನ್ನು ಕಾಣದೆ ನಡೆಯುವ ನಮ್ಮ ಜತೆಗೂ ಬಾ, ನಮ್ಮ ಕಣ್ಣು ತೆರೆಯಲಿ” ಎಂದು ವಾಕ್ಯವನ್ನು ಒಡೆದರೆ ಸಂಬೋಧನೆ ಮುಂದೆ ಬರುವುದು, ಹೇತುವೂ ಉಳಿಯುವುದು. ಒಂದೇ ವಾಕ್ಯವೆಂಬ ಲ್ಯಾಟಿನ್ ನಿಯಮವನ್ನು ಇಲ್ಲಿ ಬಿಡಬೇಕಾಗುವುದು. ಹೇತುವಿಗೂ ಬೇಡಿಕೆಗೂ ಇರುವ ನಂಟನ್ನು ಮಾತ್ರ ಬಿಡಲಾಗದು. ಆ ನಂಟಿದ್ದಲ್ಲಿ ಪಾಠವು ಪ್ರಾರ್ಥನೆಯಲ್ಲಿ ಜೀವಿಸುವುದು. ಇಲ್ಲದಲ್ಲಿ ಅದರ ಶಬ್ದಗಳು ಮಾತ್ರ ಉಳಿಯುವುವು.