ಅಣ್ಣನ ಜೊತೆ ಹುಟ್ಟಿದ ಕಡಸು

ತಿಪಟೂರು ಕಡೆಯ ಆ ಕೊಟ್ಟಿಗೆಯಲ್ಲಿದ್ದ ಎಚ್‌ಎಫ್ ಕಡಸು ಮೈಕೈ ತುಂಬಿಕೊಂಡು ಲಕ್ಷಣವಾಗಿತ್ತು. ‘ಎರಡು ವರ್ಷ ತುಂಬ್ತು ಸಾರ್, ಒಂದ್ಸಲಾನೂ ಬೆದೆಗೆ ಬಂದಿಲ್ಲ. ಇಂಜೆಕ್ಷನ್ ಬೀಜದ್ದೇ ದೋಷ ಅಂತಾರೆ’ ಎಂದರು ಮನೆಯಾಕೆ. ಪಶುವೈದ್ಯರು ಬಾಲ ಎತ್ತಿ ತೋರಿಸಿದರು: ಯೋನಿದ್ವಾರ ಕಿರಿದು, ಅದರ ಕೆಳತುದಿಯಲ್ಲಿ ಉದ್ದ ಕೂದಲಿನ ಕುಚ್ಚು. ಭುಜದವರೆಗೆ ಗ್ಲೌಸ್ ತೊಟ್ಟು ಒಳಗೆ ತಡಕಿದಾಗ ಗರ್ಭಕೋಶವಿರಬೇಕಾದಲ್ಲಿ ತೆಳ್ಳನೆಯ ಎಳೆಯಷ್ಟೇ ಸಿಕ್ಕಿತು. ‘ಇದರ ಜೊತೆ ಹೋರಿಗರು ಹುಟ್ಟಿತ್ತಾ?’ ಹೌದು, ಹುಟ್ಟಿತ್ತು, ಮಾರಿಯೂ ಆಗಿತ್ತು.

ದೋಷ ಬೀಜದ್ದಲ್ಲ, ಮಾಸಿನದು. ಹಸುವಿಗೆ ಗಂಡು-ಹೆಣ್ಣು ಅವಳಿಯಾದರೆ ನೂರಕ್ಕೆ 90ಕ್ಕೂ ಹೆಚ್ಚು ಸಲ ಹೆಣ್ಣುಗರು ಗೊಡ್ಡು. ಕುರಿ, ಮೇಕೆ ಅವಳಿ ಹಾಕುವುದು ಮಾಮೂಲು, ಅಲ್ಲಿ ಈ ತೊಂದರೆ ಅಪರೂಪ. ಹಸುವಿನಲ್ಲಾದರೋ ಎರಡು ಭ್ರೂಣಗಳ ಮಾಸಿನ ರಕ್ತನಾಳಗಳು ಬಹುಬೇಗ ಬೆಸೆದುಕೊಳ್ಳುತ್ತವೆ. ಗಂಡು ಭ್ರೂಣದ ವೃಷಣ ತನ್ನೊಳಗೆ ಗರ್ಭಕೋಶ ಬೆಳೆಯದಿರಲೆಂದು ಸ್ರವಿಸುವ ಹಾರ್ಮೋನು ತಂಗಿಯ ನೆತ್ತರಿಗೂ ಸೇರಿ ಅವಳದನ್ನೂ ತಡೆಯುತ್ತದೆ. ಇಂಥ ರಾಸುಗಳ ಒಳಾಂಗಗಳನ್ನು ಲಂಡನ್ನಿನ ಜಾನ್ ಹಂಟರ್ 1779ರಲ್ಲೇ ವರ್ಣಿಸಿದ್ದರು. ಕಾರಣ ಹೇಳಿದ್ದು 1916ರಲ್ಲಿ, ಷಿಕಾಗೊದ ಫ್ರ್ಯಾಂಕ್ ಲಿಲ್ಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಕಥೆ. ಹೀಗೆ ಹುಟ್ಟಿದ ಅವಳಿ ಕರುಗಳ ಮೈಯಲ್ಲಿ ಒಂದರ ರಕ್ತಕಣ ಇನ್ನೊಂದರಲ್ಲಿ ದೊಡ್ಡದಾದ ಮೇಲೂ ಉಳಿದಿರುತ್ತದೆಂದು 1945ರಲ್ಲಿ ವಿಜ್ಞಾನಿ ರೇ ಓವನ್ ತೋರಿಸಿದರು. ಬ್ರಿಟನ್ನಿನ ಪೀಟರ್ ಮೆಡವಾರ್ ಮತ್ತು ಸಂಗಡಿಗರು ಒಂದೇ ಅಂಡದ ಅವಳಿ ಯಾವುದು, ಬೇರೆ ಅಂಡಗಳದ್ದು ಯಾವುದು ಎಂದು ಪತ್ತೆಮಾಡಲು ಕರುಗಳಿಗೆ ಪರಸ್ಪರ ಚರ್ಮ ಕಸಿ ಮಾಡಿದರು. ಬೇರೆ ಅಂಡದವು ಕಸಿಯನ್ನು ತಿರಸ್ಕರಿಸಬೇಕಿತ್ತು. ಹೆಚ್ಚಿನವು ಒಪ್ಪಿಕೊಂಡವು! ಎಳವೆಯಲ್ಲೇ ಪರಿಚಯವಾದ ಪರಕೋಶವನ್ನು ದೇಹ ತನ್ನದೆಂದೇ ಬಗೆಯುತ್ತದೆ ಎಂಬ ತಿಳಿವಳಿಕೆ ಅಲ್ಲಿಂದ ಬಲಿಯಿತು. ಮೆಡವಾರ್‌ಗೆ 1960ರಲ್ಲಿ ನೊಬೆಲ್ ಬಂತು. ಮೂತ್ರಪಿಂಡದ ಕಸಿಯ ಬಗ್ಗೆ ಓದುವಾಗಲೆಲ್ಲ ನನಗೀಗ ಅವಳಿ ಕರುಗಳದ್ದೇ ನೆನಪು.

ಇನ್ನೂ ಸೋಜಿಗವೆಂದರೆ ದಕ್ಷಿಣ ಅಮೆರಿಕದ ಪುಟ್ಟ ಕೋತಿ ಮಾರ್ಮೊಸೆಟ್. ಅದರ ಅವಳಿಗಳೂ ನೆತ್ತರು ಹಂಚಿಕೊಳ್ಳುತ್ತವೆ, ಆದರೆ ತಂಗಿಗೆ ಯಾವ ಕುಂದೂ ಇಲ್ಲ. ರಕ್ತ ಬೆರೆತ ಮಾತ್ರಕ್ಕೆ ಊನವಾಗಬೇಕಿಲ್ಲ.

ಎರಡು ವರ್ಷ ಹಿಂಡಿ, ಮೇವು ಸುರಿದ ಮೇಲೆ ಇದು ಗೊತ್ತಾಗುವುದು ಅನ್ಯಾಯ. ಹುಟ್ಟಿದ ಮೊದಲ ವಾರಗಳಲ್ಲೇ ವೈದ್ಯರು ಮೊಂಡುತುದಿಯ ನಳಿಗೆ ಹಾಕಿ ನೋಡಬಹುದು: ಸಾಮಾನ್ಯ ಕರುವಿನಲ್ಲಿ ಅದು 13-15 ಸೆಂ.ಮೀ. ಹೋಗುತ್ತದೆ, ಇಂಥದ್ದರಲ್ಲಿ ಅರ್ಧಕ್ಕೇ ತಡೆ. ಜೊತೆಗಿದ್ದ ಗಂಡು ಹೊಟ್ಟೆಯಲ್ಲೇ ಸತ್ತು ಹೆಣ್ಣೊಂದೇ ಹುಟ್ಟುವುದೂ ಉಂಟು. ಹಾಗಾಗಿ ಒಂಟಿಯಾಗಿ ಹುಟ್ಟಿದ ಕಡಸು ಬೆದೆಗೆ ಬಾರದಿದ್ದರೂ ವೈದ್ಯರಿಂದ ಪರೀಕ್ಷೆ ಮಾಡಿಸಲೇಬೇಕು.