ಕಾಮಣಿ, ಕೀಮೋ, ಆರ್ಗನಾಯ್ಡ್: ತಪ್ಪು ಕಲ್ಪನೆ ಮತ್ತು ಸತ್ಯ

ಶಿಗ್ಲಿ, ಲಕ್ಷ್ಮೇಶ್ವರದ ಕಡೆ ಕಣ್ಣು ಹಳದಿಯಾದರೆ ‘ಕಾಮಣಿ ಆಗೇತಿ, ಗಾವಟಿ ಔಷಧ ಕೊಡಸ್ರಿ’ ಎನ್ನುವವರಿದ್ದಾರೆ. ಆ ಹಳದಿಯ ಹಿಂದೆ ಅಪರೂಪಕ್ಕೆ ಪಿತ್ತನಾಳದ ಕ್ಯಾನ್ಸರ್ ಅಡಗಿರುತ್ತದೆ. ಅದಕ್ಕೆ ಯಾವ ಕೀಮೋ ಹಿಡಿದೀತೆಂದು ಮೊದಲೇ ಅಂದಾಜಿಸಲು ವಿಜ್ಞಾನಿಗಳು ‘ಆರ್ಗನಾಯ್ಡ್’ ಬೆಳೆಸುತ್ತಿದ್ದಾರೆ.

ತಪ್ಪು ಕಲ್ಪನೆ: ಕಾಮಣಿಗೆ ಆಸ್ಪತ್ರೆ ಬೇಡ.
ಸತ್ಯ: ಕಾಮಣಿ ಒಂದು ಲಕ್ಷಣ. ಕಲುಷಿತ ನೀರಿನಿಂದ ಹರಡುವ ವೈರಸ್ಸಿನ ಕಾಮಣಿ ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ಹೆಸರು ಗಾವಟಿ ಔಷಧಕ್ಕೆ ಬರುತ್ತದೆ. ಗಡ್ಡೆಯಿಂದ ಪಿತ್ತನಾಳ ಕಟ್ಟಿದ್ದರೆ ಹಾಗೆ ಇಳಿಯದು. ಮಲ ಬಿಳಿಚಿ, ಮೂತ್ರ ಗಾಢವಾಗಿ, ಮೈ ತುರಿಸಿದರೆ ಕೂಡಲೇ ಸ್ಕ್ಯಾನಿಂಗ್ ಮಾಡಿಸಬೇಕು.

ತಪ್ಪು ಕಲ್ಪನೆ: ಒಬ್ಬರಿಗೆ ಹಿಡಿಯದ ಕೀಮೋ ಯಾರಿಗೂ ಹಿಡಿಯದು.
ಸತ್ಯ: 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಮುಂದುವರಿದ ಪಿತ್ತನಾಳದ ಕ್ಯಾನ್ಸರ್‌ಗೆ ಜೆಮ್‌ಸೈಟಬಿನ್ ಎಂಬ ಕೀಮೋ ಔಷಧ ಒಂದನ್ನೇ ಕೊಟ್ಟಾಗ ಬದುಕಿನ ಮಧ್ಯಮಾವಧಿ 8.1 ತಿಂಗಳಿತ್ತು, ಸಿಸ್‌ಪ್ಲಾಟಿನ್ ಸೇರಿಸಿದಾಗ 11.7 ತಿಂಗಳಾಯಿತು. ಇದು ಗುಂಪಿನ ಲೆಕ್ಕ. ಗಡ್ಡೆಯಿಂದ ಗಡ್ಡೆಗೆ ಜೀನ್‌ಗಳ ಬದಲಾವಣೆ ಬೇರೆ, ಔಷಧಕ್ಕೆ ಮಣಿಯುವ ಬಗೆಯೂ ಬೇರೆ.

ತಪ್ಪು ಕಲ್ಪನೆ: ಆರ್ಗನಾಯ್ಡ್ ಎಂದರೆ ದೇಹಕ್ಕೆ ಜೋಡಿಸುವ ಕೃತಕ ಅಂಗ.
ಸತ್ಯ: ರೋಗಿಯ ಗಡ್ಡೆಯ ಚೂರಿನಿಂದ ತೆಗೆದ ಜೀವಕೋಶಗಳನ್ನು ಜೆಲ್‌ನಲ್ಲಿಟ್ಟು ಬೆಳೆಸಿದ ಪುಟ್ಟ ಉಂಡೆಗಳಿವು. ಔಷಧ ಹಾಕಿ ಯಾವುದಕ್ಕೆ ಸಾಯುತ್ತವೆಂದು ನೋಡುತ್ತಾರೆ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಾನ್ಸ್ ಕ್ಲೆವರ್ಸ್ ತಂಡ ಇಲಿಯ ಕರುಳಿನ ಕೋಶಗಳಿಂದ ಇಂಥ ಉಂಡೆಗಳನ್ನು ಬೆಳೆಸಿತು. 2017ರಲ್ಲಿ ಕೇಂಬ್ರಿಡ್ಜ್‌ನ ಮೆರಿಚೆಲ್ ಹುಕ್ ತಂಡ ಯಕೃತ್ತು ಮತ್ತು ಪಿತ್ತನಾಳದ ಕ್ಯಾನ್ಸರ್‌ಗಳಿಂದಲೂ ಬೆಳೆಸಿ ತೋರಿಸಿತು.

ತಪ್ಪು ಕಲ್ಪನೆ: ಲ್ಯಾಬಿನಲ್ಲಿ ಗಡ್ಡೆ ಸತ್ತರೆ ರೋಗಿ ಗುಣವಾದಂತೆಯೇ.
ಸತ್ಯ: 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಕರುಳು, ಜಠರ, ಅನ್ನನಾಳದ ಹರಡಿದ ಕ್ಯಾನ್ಸರ್‌ಗಳನ್ನು ಪರೀಕ್ಷಿಸಿತು. ಆರ್ಗನಾಯ್ಡ್‌ನಲ್ಲಿ ಸೋತ ಔಷಧ ರೋಗಿಯಲ್ಲೂ ಸೋತಿತು. ಗೆದ್ದ ಔಷಧ ಶೇ. 88ರಷ್ಟು ಸಲ ರೋಗಿಯಲ್ಲೂ ಗೆದ್ದಿತು. ಆದರೆ ಆ ಗುಂಪು ಚಿಕ್ಕದು. ಉಂಡೆಗಳಲ್ಲಿ ರಕ್ತನಾಳವಾಗಲಿ ರೋಗನಿರೋಧಕ ಕೋಶಗಳಾಗಲಿ ಇರುವುದಿಲ್ಲ. ಎಲ್ಲರ ಗಡ್ಡೆಯೂ ಬೆಳೆಯುವುದಿಲ್ಲ.

ತಪ್ಪು ಕಲ್ಪನೆ: ಆರ್ಗನಾಯ್ಡ್ ಪರೀಕ್ಷೆಯ ವರದಿ ಬರುವವರೆಗೆ ಚಿಕಿತ್ಸೆ ತಡೆಯಬೇಕು.
ಸತ್ಯ: ಆರ್ಗನಾಯ್ಡ್‌ಗಳು ಬೆಳೆಯಲು ವಾರಗಳೇ ಬೇಕು. ಇದಿನ್ನೂ ಸಂಶೋಧನೆಯ ಹಂತದಲ್ಲಿದೆ, ದಿನನಿತ್ಯದ ಚಿಕಿತ್ಸೆಯ ಭಾಗವಾಗಿಲ್ಲ. ಕಾಯುತ್ತ ಕುಳಿತರೆ ಗೆಲ್ಲುವುದು ಗಡ್ಡೆ.

ಆರ್ಗನಾಯ್ಡ್ ಹೆಸರಿನಲ್ಲಿ ಯಾರಾದರೂ ಗುಣದ ಭರವಸೆ ಕೊಟ್ಟು ಹಣ ಕೇಳಿದರೆ ನಂಬಬೇಡಿ. ಹಳದಿ ಕಂಡ ವಾರದಲ್ಲೇ ಗದಗ ಅಥವಾ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ. ಕ್ಯಾನ್ಸರ್ ಎಂದು ತಿಳಿದರೆ ಅಲ್ಲಿನ ತಜ್ಞರನ್ನೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯನ್ನೋ ಕಂಡು ಚಿಕಿತ್ಸೆ ಶುರುಮಾಡಿ.